ಬೆಳಗಿನ ನಾಲ್ಕೂವರೆಯ ನ್ಯೂರೆಂಬರ್ಗ್

ಚನ್ನಪಟ್ಟಣದಲ್ಲಿ ಒಂಬತ್ತಕ್ಕೆ ನಮ್ಮ ಕಾರ್ಖಾನೆಯ ಬಾಗಿಲು ತೆಗೆದರೆ ಜರ್ಮನಿಯಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ಚಳಿಗಾಲದಲ್ಲಿ ಎರಡು ಕಡೆಗೂ ನಾಲ್ಕೂವರೆ ಗಂಟೆಯ ಅಂತರ. ಹತ್ತು ದಿನದ ಪ್ರವಾಸದಲ್ಲಿ ನಾನು ಎಚ್ಚರಗೊಂಡದ್ದು ಅಲ್ಲಿಯ ಸೂರ್ಯನಿಗಲ್ಲ, ಇಲ್ಲಿಯ ಬೀಗದ ಸದ್ದಿಗೆ.

ನಮ್ಮದು ಹನ್ನೊಂದು ಜನರ ಪುಟ್ಟ ಕಾರ್ಖಾನೆ. ಆಲೆ ಮರದ ಗಿಲಕಿ, ಬುಗುರಿ, ಉಂಗುರ ಪೋಣಿಸುವ ಆಟಿಕೆ ಮಾಡುತ್ತೇವೆ. ಲೆಕ್ಕ ಬರೆಯುವವಳು, ಮಾಲು ಪರೀಕ್ಷೆ ಮಾಡುವವಳು, ಶನಿವಾರ ಬಟವಾಡೆ ಕೊಡುವವಳು ನಾನೇ. ಅರಗಿಗೆ ಎಷ್ಟು ಬಣ್ಣ ಬೆರೆಸಬೇಕೆಂದು ಹೇಳುವವಳೂ ನಾನೇ. ಬಣ್ಣದ ಅಳತೆಯ ಪುಸ್ತಕ ಬೀರುವಿನಲ್ಲಿರುತ್ತದೆ, ಬೀರುವಿನ ಕೀ ನನ್ನ ಸೊಂಟದಲ್ಲಿ. ಮನೆಯವರಿಗೆ ಮೈಸೂರಿನಲ್ಲಿ ಕೆಲಸ, ಊರಿಗೆ ಬರುವುದು ಶನಿವಾರ ರಾತ್ರಿ. ಮಗಳು ಹತ್ತನೇ ತರಗತಿ. ಹೀಗಿರುವಾಗ ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ, ಪರಿಚಯದ ರಫ್ತುದಾರರೊಬ್ಬರ ಮಳಿಗೆಯೊಳಗೆ ಎರಡು ಶೆಲ್ಫು ಸಿಗುತ್ತದೆ ಎಂದಾಗ ಹೋಗಲೋ ಬೇಡವೋ ಎಂದು ಒಂದು ತಿಂಗಳು ತೂಗಿದೆ. ಕೊನೆಗೆ ಅತ್ತೆಯವರೇ ತೀರ್ಮಾನ ಕೊಟ್ಟರು: "ಹೋಗ್ ಬಾರವ್ವ. ನಾವೇನು ಸಣ್ ಮಕ್ಳಾ?" ಕೀಯನ್ನು ಅವರ ಕೈಗೆ ಕೊಟ್ಟೆ. ಪುಸ್ತಕವನ್ನು ಮಾತ್ರ ಬೀರುವಿನ ಒಳಗೇ ಬಿಟ್ಟೆ.

ಭಾನುವಾರ, ಜನವರಿ 26

ಫ್ರಾಂಕ್‌ಫರ್ಟಿನಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳ ಪೈಕಿ ಒಂದೇ ಬಂತು. ಬೆಲ್ಟು ಸುತ್ತುತ್ತಾ ಸುತ್ತುತ್ತಾ ಖಾಲಿಯಾಗಿ ನಿಂತಿತು. ಕೌಂಟರಿನಲ್ಲಿ ಫಾರಂ ತುಂಬುವಾಗ ಪೆಟ್ಟಿಗೆಯಲ್ಲಿ ಏನಿದೆ, ಬೆಲೆ ಎಷ್ಟು ಎಂದು ಕೇಳಿದರು. ಎರಡು ತಿಂಗಳು ಹನ್ನೊಂದು ಜನ ಕೂತು ಮಾಡಿದ್ದಕ್ಕೆ ಬೆಲೆ ಬರೆಯಲು ಒಂದಿಂಚಿನ ಚೌಕ ಕೊಟ್ಟಿದ್ದರು. ಪುಣ್ಯಕ್ಕೆ ನಮ್ಮ ಲೇತಿನ ಚಾಚಾ ಹಟ ಹಿಡಿದು ಪ್ರತಿ ನಮೂನೆಯಲ್ಲೂ ಒಂದೊಂದನ್ನು ನನ್ನ ಕೈಚೀಲಕ್ಕೆ ಹಾಕಿಸಿದ್ದರು. "ಲಗೇಜ್ ನಂಬ್‌ಬೇಡಿ ಅಮ್ಮಾ, ಕೈಯಲ್ಲಿ ಇರೋದೇ ನಮ್ದು" ಅಂದಿದ್ದರು. ಮೇಳಕ್ಕೆ ಸ್ಯಾಂಪಲ್ ಒಯ್ಯುವ ಯಾರಿಗೇ ಆಗಲಿ ಈ ಮಾತನ್ನು ಹೇಳುತ್ತೇನೆ: ಒಂದು ಸೆಟ್ಟು ಮೈಗಂಟಿಕೊಂಡೇ ಇರಲಿ.

ವ್ಯೂರ್ಟ್ಸ್‌ಬರ್ಗ್ ಮೇಲೆ ಹೋಗುವ ರೈಲು. ಕಿಟಕಿಯಾಚೆ ಎಲೆ ಉದುರಿದ ಕಾಡು, ಒದ್ದೆ ಹೊಲ, ಸಣ್ಣ ಮಳೆ. ಫೋನಿಗೆ ನೆಟ್‌ವರ್ಕ್ ಬಂದ ಕೂಡಲೇ ಮಗಳ ವಿಡಿಯೋ ತೆರೆಯಿತು. ಗಣರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಅವಳ ಭಾಷಣವಿತ್ತು. ಅವಳು ಮೈಕ್ ಹಿಡಿದ ಹೊತ್ತಿಗೆ ನಾನು ಆಕಾಶದಲ್ಲಿದ್ದೆ. ಎರಡು ನಿಮಿಷದ ವಿಡಿಯೋವನ್ನು ನ್ಯೂರೆಂಬರ್ಗ್ ಬರುವ ತನಕ ಮತ್ತೆ ಮತ್ತೆ ನೋಡಿದೆ. ಮಾತಿನ ನಡುವೆ ಒಮ್ಮೆ ತಡವರಿಸಿ, ನಾನು ಸಾಮಾನ್ಯವಾಗಿ ಕೂರುವ ಬೇವಿನ ಮರದ ಕಡೆ ನೋಡುತ್ತಾಳೆ. ಅಲ್ಲಿ ಅವಳ ಅಜ್ಜಿ ಕೂತಿದ್ದರು. ನೋಡಿ ಮುಂದುವರಿಸಿದಳು.

ಮೇಳದ ವಾರ ನ್ಯೂರೆಂಬರ್ಗಿನ ಹೋಟೆಲ್ ದರ ಕೈಗೆ ಎಟುಕುವುದಿಲ್ಲ. ಹಾಗಾಗಿ ಪಕ್ಕದ ಫ್ಯೂರ್ತ್ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಫ್ಯೂರ್ತಿನಿಂದ ಯು-1 ಮೆಟ್ರೋ ಹತ್ತಿದರೆ ಎಲ್ಲೂ ಬದಲಿಸದೆ ಮೇಳದ ಬಾಗಿಲಿಗೇ ಇಳಿಸುತ್ತದೆ. ಜರ್ಮನಿಯಲ್ಲಿ ಉಗಿಬಂಡಿಯ ಮೊದಲ ರೈಲು 1835ರ ಡಿಸೆಂಬರಿನಲ್ಲಿ ಓಡಿದ್ದು ಈ ಎರಡು ಊರುಗಳ ನಡುವೆಯೇ. ಆ ಹಳೆಯ ದಾರಿಯ ಗುಂಟವೇ ಸ್ವಲ್ಪ ದೂರ ಈಗ ಮೆಟ್ರೋ ಹೋಗುತ್ತದೆ.

ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಸೊನ್ನೆ. ಫೋನಿನ ಅನುವಾದ ನಮ್ಮಿಬ್ಬರ ನಡುವೆ ಓಡಾಡಿತು. ಪೆಟ್ಟಿಗೆ ಕಟ್ಟಲು ಟೇಪು ಬೇಕೆಂದರೆ ಅವರು ಕೈಯಾಡಿಸಿದರು: ಭಾನುವಾರ ಅಂಗಡಿ ಮುಚ್ಚಿರುತ್ತದೆ. ಹೊಸಬರಿಗೆ ಇದು ನಿಜಕ್ಕೂ ಪೇಚಾಟ. ರೈಲು ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಇಳಿದ ಕೂಡಲೇ ಹಾಲು, ಬ್ರೆಡ್ಡು ತಂದಿಟ್ಟುಕೊಳ್ಳುವುದು ಒಳ್ಳೆಯದು. ನನ್ನ ಬಳಿ ರಾಗಿ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಇದ್ದವು. ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂದು ಅತ್ತೆಗೆ ಮೂರು ಸಲ ಹೇಳಿ ತುಪ್ಪದ ಡಬ್ಬಿ ತೆಗೆಸಿದ್ದೆ. ಬಿಸಿ ಹಾಲಿಗೆ ಹುರಿಹಿಟ್ಟು, ಬೆಲ್ಲ ಕಲಸಿ ಅಜ್ಜಿಗೂ ಒಂದು ಬಟ್ಟಲು ಕೊಟ್ಟೆ. ಒಂದು ಚಮಚ ತಿಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಬಟ್ಟಲು ಖಾಲಿ ಮಾಡಿದರು.

ಸೋಮವಾರ

ನಾಲ್ಕೂವರೆಗೆ ಫೋನು. ನಮ್ಮಲ್ಲಿ ಅರಗಿಗೆ ಬಣ್ಣ ಕಲಸುವ ಹೆಂಗಸನ್ನು ಎಲ್ಲರೂ ಬಣ್ಣದಕ್ಕ ಅಂತಲೇ ಕರೆಯುವುದು. ನನಗಿಂತ ಹನ್ನೆರಡು ವರ್ಷ ದೊಡ್ಡವರು.

"ಹಳದಿ ಯಾಕೋ ಕೂಡ್ತಾ ಇಲ್ಲ ಕಣವ್ವಾ. ಕೆಂಪುಕ್ಕೆ ತಿರುಗ್ತಾ ಅದೆ."

ಬೆಂಗಳೂರಿನ ಶಾಲೆಯೊಂದಕ್ಕೆ 600 ಹಳದಿ ಗಿಲಕಿ ಫೆಬ್ರವರಿ 7ಕ್ಕೆ ಕೊಡಬೇಕಿತ್ತು. ಬಣ್ಣದ ಕಡ್ಡಿಯ ಫೋಟೋ ಕಳಿಸಿದರು. ಕತ್ತಲೆಯ ಕೋಣೆಯಲ್ಲಿ ಫೋನಿನ ಪರದೆಯ ಮೇಲೆ ಹಳದಿ ಯಾವುದು, ಕಾವಿ ಯಾವುದು? ದೀಪ ಹಾಕಿ ನೋಡಿದೆ, ಇನ್ನೊಂದು ಥರ ಕಂಡಿತು. ಕಿಟಕಿಗೆ ಹೋದರೆ ಹೊರಗೆ ಬೀದಿ ದೀಪದ ಬೆಳಕು. ಆದರೂ ಗೊತ್ತಿರುವವಳಂತೆ ಹೇಳಿಬಿಟ್ಟೆ: "ಹೊಸ ಅರಿಶಿನದ ಮೂಟೆ ಸರಿ ಇಲ್ಲ. ಹಳೇದನ್ನೇ ತಗೊಳ್ಳಿ, ಅಳತೆ ಕಾಲು ಭಾಗ ಕಮ್ಮಿ ಮಾಡಿ."

ಮೇಳದ ಮೈದಾನಕ್ಕೆ ಹೋಗಿ ಕೈಚೀಲದಿಂದ, ಬಂದಿದ್ದ ಒಂದು ಪೆಟ್ಟಿಗೆಯಿಂದ ಮಾಲು ತೆಗೆದು ಶೆಲ್ಫಿನಲ್ಲಿ ಜೋಡಿಸಿದೆ. ಒಂದೊಂದು ಹಾಲ್ ನಮ್ಮೂರಿನ ಸಂತೆ ಮೈದಾನದಷ್ಟು. 1950ರಿಂದ ನಡೆಯುತ್ತಿರುವ ಮೇಳ, ಎರಡು ಸಾವಿರಕ್ಕೂ ಹೆಚ್ಚು ಮಳಿಗೆಗಳು. ಕಾಲಿಗೆ ಹಗುರಾದ ಬೂಟು ಇಲ್ಲದಿದ್ದರೆ ಎರಡನೇ ದಿನಕ್ಕೇ ಹಿಮ್ಮಡಿ ಕೈ ಕೊಡುತ್ತದೆ.

ರಾತ್ರಿ ಉಳಿದ ಗಿಲಕಿಗಳನ್ನು ಒರೆಸಿ ಕೋಣೆಯ ಹೀಟರಿನ ಪಕ್ಕದ ಹಲಗೆಯ ಮೇಲಿಟ್ಟು ಮಲಗಿದೆ. ದೊಡ್ಡ ತಪ್ಪಾಯಿತು.

ಮಂಗಳವಾರ, ಬುಧವಾರ

ಬೆಳಗ್ಗೆ ನೋಡಿದರೆ ಒಂದು ಗಿಲಕಿಯ ಹೊಟ್ಟೆಯ ಮೇಲೆ ಕೂದಲೆಳೆಯಷ್ಟು ಸೀಳು. ಉಗುರು ಆಡಿಸಿದರೆ ತಾಗುತ್ತಿತ್ತು. ಇನ್ನೊಂದರಲ್ಲಿ ಉಂಗುರ ಸಡಿಲವಾಗಿ ಗಿರಗಿರ ತಿರುಗುತ್ತಿತ್ತು. ನಮ್ಮ ಕಡೆ ಆಲೆ ಮರವನ್ನು ಎರಡು ಮೂರು ತಿಂಗಳು ನೆರಳಲ್ಲಿ ಒಣಗಿಸುತ್ತೇವೆ. ಅದು ನಮ್ಮ ಗಾಳಿಗೆ ಸಾಕು. ಚಳಿದೇಶದಲ್ಲಿ ಹೀಟರ್ ಹಾಕಿ ಮುಚ್ಚಿದ ಕೋಣೆಯ ಗಾಳಿ ನೀರಿನ ಪಸೆಯೇ ಇಲ್ಲದಷ್ಟು ಒಣಗಿರುತ್ತದೆ. ಮರದೊಳಗೆ ಉಳಿದಿದ್ದ ತೇವವನ್ನು ಅದು ಒಂದೇ ರಾತ್ರಿಯಲ್ಲಿ ಹೀರಿತ್ತು. ಅಂದರೆ ಇಲ್ಲಿಯ ಮಗುವಿನ ಕೋಣೆಯಲ್ಲೂ ನಮ್ಮ ಗಿಲಕಿಗೆ ಹೀಗೇ ಆಗುತ್ತದೆ. ಹೊಟ್ಟೆಯೊಳಗೆ ಕಾಳಿರುವ ಆಟಿಕೆ ಬಾಯಿ ಬಿಟ್ಟರೆ ಏನಾಗಬಹುದು ಎಂದು ನೆನೆದು ಕೈಕಾಲು ತಣ್ಣಗಾದವು.

ಅಜ್ಜಿ ಬಂದು ನೋಡಿದರು. ಏನೂ ಹೇಳದೆ ಅಡುಗೆಮನೆಯಿಂದ ಅಗಲದ ಬಟ್ಟಲಿನಲ್ಲಿ ನೀರು ತಂದು ಹೀಟರಿನ ಮೇಲಿಟ್ಟರು. ತಮ್ಮ ಪಿಯಾನೋದ ಕೋಣೆಯಲ್ಲೂ ಹೀಗೇ ಇಡುತ್ತಾರಂತೆ. ಸೀಳು ಬಿಟ್ಟದ್ದನ್ನು ಬದಿಗಿಟ್ಟು ಉಳಿದವನ್ನು ಬಟ್ಟೆಯಲ್ಲಿ ಸುತ್ತಿ ಹೀಟರಿನಿಂದ ದೂರ ಇಟ್ಟೆ. ಚಾಚಾಗೆ ಫೋಟೋ ಕಳಿಸಿದೆ. ಅವರು ಫೋನು ಮಾಡಿ ಕೇಳಿದ್ದು ಒಂದೇ: "ಸೀಳು ಉದ್ದಕ್ಕೋ, ಅಡ್ಡಕ್ಕೋ?" ಉದ್ದಕ್ಕೆ ಅಂದೆ. "ಹಂಗಾದ್ರೆ ಮರದ್ದೇ ತಪ್ಪು, ಕಡೆತದ್ದಲ್ಲ. ಅವ್ರಿಗೆ ಕಳ್ಸೋ ಮಾಲಿಗೆ ಮರ ಇನ್ನೂ ಒಣಗ್ಬೇಕು." ಆ ಹೊತ್ತಿಗೆ ಅವರು ಕಾರ್ಖಾನೆಯ ಹಿಂದಿನ ಶೆಡ್ಡಿಗೆ ನಡೆದು ಹೋಗುತ್ತಿದ್ದದ್ದು ಕಾಲ ಸಪ್ಪಳದಲ್ಲೇ ಗೊತ್ತಾಗುತ್ತಿತ್ತು. ಒಣಗಿಸಲು ಪೇರಿಸಿದ ಮರ ಇರುವುದು ಅಲ್ಲೇ.

ಮೇಳಕ್ಕೆ ಸಾರ್ವಜನಿಕರನ್ನು ಬಿಡುವುದಿಲ್ಲ, ಆಟಿಕೆಯ ವ್ಯಾಪಾರದವರಿಗೆ ಮಾತ್ರ ಪ್ರವೇಶ. ಆಟಿಕೆಯ ಅಷ್ಟು ದೊಡ್ಡ ಲೋಕದಲ್ಲಿ ಮಕ್ಕಳ ದನಿಯೇ ಇರಲಿಲ್ಲ. ಸೂಟು ಹಾಕಿದವರು ಬುಗುರಿ ಆಡಿಸಿ ಬಗ್ಗಿ ನೋಡುತ್ತಿದ್ದರು. ನನ್ನ ಶೆಲ್ಫಿನ ಮುಂದೆ ನಿಂತವರೆಲ್ಲ ಮೊದಲು ಕೇಳಿದ್ದು ಇಎನ್ 71 ವರದಿ. ಯೂರೋಪಿನಲ್ಲಿ ಆಟಿಕೆ ಮಾರಲು ಸಿಇ ಗುರುತು ಬೇಕು, ಅದಕ್ಕೆ ಈ ಸುರಕ್ಷತಾ ಪರೀಕ್ಷೆಗಳು ಆಧಾರ. ಬಣ್ಣದಿಂದ ಸೀಸದಂಥ ಲೋಹಗಳು ಮಗುವಿನ ಬಾಯಿಗೆ ಎಷ್ಟು ಬಿಡುತ್ತವೆ, ಬಿದ್ದು ಒಡೆದಾಗ ನುಂಗುವಂಥ ಚೂರು ಬರುತ್ತದೆಯೇ, ಎಲ್ಲವನ್ನೂ ನೋಡುತ್ತಾರೆ. ಈ ವರದಿಗಳನ್ನು ಫೋನಿನಲ್ಲಿ ಇಟ್ಟುಕೊಂಡರೆ ಸಾಲದು, ಮುದ್ರಿಸಿ ಕೈಯಲ್ಲಿ ಕೊಡಬೇಕು. ಕಾಗದ ಕಂಡ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ.

ಬುಧವಾರ ಮಧ್ಯಾಹ್ನ ಬಂದ ಒಬ್ಬ ಹೆಂಗಸು ವರದಿ ಕೇಳಲಿಲ್ಲ. ಆಲ್ಪ್ಸ್ ಬೆಟ್ಟದ ಕಡೆಯ ಸಣ್ಣ ಊರಿನಲ್ಲಿ ಅಂಗಡಿ ಇಟ್ಟವರು. ಗಿಲಕಿಯನ್ನು ಮೂಸಿದರು, ಕೆನ್ನೆಗೆ ಒತ್ತಿಕೊಂಡರು.

"ಇದರ ಮೇಲೆ ವಾರ್ನಿಶ್ ಇಲ್ಲವೇ?"

"ಇಲ್ಲ. ಅರಗು."

ಅರಗು ಕೀಟದಿಂದ ಬರುವುದು, ಮರ ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ತೀಡಿದರೆ ಈ ಹೊಳಪು ಬರುತ್ತದೆ ಎಂದೆ. ಅವರ ದೇಶದಲ್ಲೇ ಮಿಠಾಯಿ, ಸೇಬುಗಳ ಮೇಲೆ ಹೊಳಪಿಗೆ ಹಚ್ಚುವ ಇ904 ಇದೇ ಅರಗು ಎಂದಾಗ ಕಣ್ಣರಳಿಸಿದರು. ಆಗ ನಾನು ಸೀಳು ಬಿಟ್ಟ ಗಿಲಕಿಯನ್ನೂ ತೆಗೆದು ಅವರ ಮುಂದಿಟ್ಟೆ. ಮಳಿಗೆಯ ಯಜಮಾನರು ದೂರದಿಂದ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು. ಆದರೆ ಯಾವುದೋ ಮನೆಯ ತೊಟ್ಟಿಲಿಗೆ ಹೋಗುವ ವಸ್ತು ಇದು. ನಿಮ್ಮ ಮನೆಗಳ ಗಾಳಿಗೆ ಹೀಗಾಗುತ್ತದೆ, ಮರವನ್ನು ಇನ್ನಷ್ಟು ಒಣಗಿಸಿದ ಮೇಲೆಯೇ ಕಳಿಸುತ್ತೇನೆ, ನಾಲ್ಕು ತಿಂಗಳು ಬೇಕು ಎಂದೆ. ಅವರು ಚೀಟಿಯ ಮೇಲೆ 200 ಎಂದು ಬರೆದು, ಪಕ್ಕದಲ್ಲಿ ಜೂನ್ ಎಂದು ಬರೆದರು. ಮೇಳದಲ್ಲಿ ನನಗೆ ಸಿಕ್ಕ ಮೊದಲ ಆರ್ಡರು ಅದು. ಆ ಚೀಟಿಯನ್ನು ಚಾಚಾಗೆ ಕೊಡಲೆಂದು ಹಾಗೇ ತಂದಿದ್ದೇನೆ.

ಕಳೆದುಹೋಗಿದ್ದ ಪೆಟ್ಟಿಗೆ ಆ ರಾತ್ರಿ ಅಜ್ಜಿಯ ಮನೆಗೆ ಬಂತು. ಮೂಲೆ ಜಜ್ಜಿತ್ತು, ಒಳಗಿನ ಮಾಲು ಕ್ಷೇಮ.

ಗುರುವಾರ

ಸಂಜೆ ಹಳೇ ಊರು ನೋಡಲು ಹೋದೆ. ಪೆಗ್ನಿಟ್ಸ್ ನದಿ ದಾಟಿ ಏರುತ್ತಾ ಹೋದರೆ ಕೋಟೆ, ಅದರ ಬುಡದಲ್ಲಿ ಚಿತ್ರಕಾರ ಡ್ಯೂರರ್ 1509ರಿಂದ ಸಾಯುವ ತನಕ ಇದ್ದ ಮನೆ. ಮನೆಯೇ ಅವನ ಕಾರ್ಖಾನೆಯೂ ಆಗಿತ್ತು. ಅವನು ಊರಿಂದೂರಿಗೆ ತಿರುಗುವಾಗ ಹೆಂಡತಿ ಆಗ್ನೆಸ್ ಅವನ ಮುದ್ರಿತ ಚಿತ್ರಗಳನ್ನು ಸಂತೆ, ಮೇಳಗಳಿಗೆ ಒಯ್ದು ಮಾರುತ್ತಿದ್ದಳು. ಬಾಗಿಲು ಮುಚ್ಚುವ ಹೊತ್ತಾಗಿತ್ತು, ಹೊರಗೇ ನಿಂತು ನೋಡಿದೆ. ಐನೂರು ವರ್ಷದ ಹಿಂದೆ ಇದೇ ಕಲ್ಲುಹಾಸಿನ ಮೇಲೆ ಕಟ್ಟು ಹೊತ್ತು ಫ್ರಾಂಕ್‌ಫರ್ಟಿನ ಮೇಳಕ್ಕೆ ಹೊರಟ ಆ ಹೆಂಗಸಿನ ಬಗ್ಗೆಯೇ ಆ ಸಂಜೆಯೆಲ್ಲ ಯೋಚಿಸಿದೆ. ಅವಳ ಮನೆಯ ಬೀಗದ ಕೀ ಯಾರ ಬಳಿ ಇರುತ್ತಿತ್ತೋ.

ಮಾರುಕಟ್ಟೆ ಚೌಕದಲ್ಲಿ ಗೋಪುರದಂಥ ಚಿನ್ನದ ಬಣ್ಣದ ಕಾರಂಜಿ. ಕಂಬಿಯಲ್ಲಿ ಸಿಕ್ಕಿಸಿದ ಉಂಗುರವನ್ನು ತಿರುಗಿಸಿದರೆ ಬೇಡಿದ್ದು ಆಗುತ್ತದಂತೆ. ಸರತಿಯಲ್ಲಿ ನಿಂತಿರುವಾಗಲೇ ಮಗಳ ಫೋನು ಬಂತು. ಊರಲ್ಲಿ ರಾತ್ರಿ ಹತ್ತೂವರೆ. ಬೆಳಗಾದರೆ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ. "ಅಮ್ಮಾ, ಶಂಕುವಿನ ಭಿನ್ನಕದ ಘನಫಲ ತಲೆಗೆ ಹೋಗ್ತಿಲ್ಲ" ಅಂದಳು. ಸರತಿ ಬಿಟ್ಟು ಕಲ್ಲಿನ ಮೇಲೆ ಕೂತೆ. ಕೋಟಿನ ಜೇಬಿನಲ್ಲಿ ಒಂದು ಬುಗುರಿ ಇತ್ತು. ಅದನ್ನು ಕ್ಯಾಮೆರಾಕ್ಕೆ ಹಿಡಿದು, ಇದರ ಮೊನೆಯನ್ನು ಇಲ್ಲಿ ಕತ್ತರಿಸಿದರೆ ಉಳಿಯುವುದೇ ಭಿನ್ನಕ, ದೊಡ್ಡ ಶಂಕುವಿನಲ್ಲಿ ಸಣ್ಣದನ್ನು ಕಳೆ ಎಂದೆ. ಮಳೆ ಹನಿ ಶುರುವಾಯಿತು. "ಗೊತ್ತಾಯ್ತು, ನೀನು ಒಳಗೆ ಹೋಗು, ನೆನೀತಿದ್ದೀಯ" ಅಂದಳು. ಉಂಗುರ ತಿರುಗಿಸಲು ಮತ್ತೆ ಹೋಗಲಿಲ್ಲ. ಬಿಸಿ ಆಲೂಗಡ್ಡೆ ಸೂಪು, ಉಪ್ಪು ಹರಳಿನ ಬ್ರೆಟ್ಸೆಲ್ ತಿಂದು ಫ್ಯೂರ್ತಿಗೆ ಮರಳಿದೆ. ಸಣ್ಣ ಹೋಟೆಲುಗಳಲ್ಲಿ ಎಷ್ಟೋ ಕಡೆ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಯೂರೋ ಜೇಬಿನಲ್ಲಿರಲಿ.

ಶನಿವಾರ, ಫೆಬ್ರವರಿ 1

ಬೆಳಗ್ಗೆ ಆರೂವರೆಗೆ ಅಜ್ಜಿಯ ಅಡುಗೆಮನೆಯಲ್ಲಿ ದೆಹಲಿಯ ಬಜೆಟ್ ಭಾಷಣ ಕೇಳಿದೆ. ಭಾರತವನ್ನು ಆಟಿಕೆಗಳ ಜಾಗತಿಕ ಕೇಂದ್ರವಾಗಿಸುವ ಯೋಜನೆ ತರುತ್ತೇವೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದಾಗ ಎದ್ದು ನಿಂತೆ. ಆಟಿಕೆ ಎಂಬ ಪದ ಸಂಸತ್ತಿನಲ್ಲಿ ಕೇಳಿಬಂದ ದಿನವೇ ನಾನು ಆಟಿಕೆಯ ಊರಿನಲ್ಲಿದ್ದೆ. ಮೇಳದ ಕೊನೆಯ ದಿನ ಬೇರೆ. ಖುಷಿಯಲ್ಲೇ ಹೊರಟೆ.

ಮಧ್ಯಾಹ್ನ ಹನ್ನೆರಡೂವರೆ ಎಂದರೆ ಊರಲ್ಲಿ ಸಂಜೆ ಐದು. ಬಟವಾಡೆಯ ಹೊತ್ತು. ಫೋನಿನಿಂದಲೇ ಎಲ್ಲರ ಖಾತೆಗೆ ಹಾಕುವುದೆಂದು ಲೆಕ್ಕ ಹಾಕಿ, ಒಟಿಪಿಗಾಗಿ ಊರಿನ ಸಿಮ್ಮನ್ನು ರೋಮಿಂಗಿನಲ್ಲಿ ಇಟ್ಟಿದ್ದೆ. ಪರದೇಶಕ್ಕೆ ಹೋಗುವವರು ಇದೊಂದನ್ನು ಮರೆಯಬಾರದು. ಆದರೆ ಆ ಹಾಲ್‌ನಲ್ಲಿ ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಒಟಿಪಿ ಬರಲೇ ಇಲ್ಲ. ಎದುರಿಗೆ ಇಬ್ಬರು ಗಿರಾಕಿಗಳು ಉಂಗುರದ ಆಟಿಕೆಯ ದರ ಕೇಳುತ್ತಾ ನಿಂತಿದ್ದರು. ಶನಿವಾರ ಸಂಜೆ ದುಡ್ಡು ಸಿಗದಿದ್ದರೆ ನಮ್ಮ ಜನರ ಭಾನುವಾರದ ಸಂತೆ ನಿಲ್ಲುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸಿದವಳಲ್ಲ. ಗಿರಾಕಿಗಳಿಗೆ ಎರಡು ನಿಮಿಷ ಎಂದು ಕೈಮುಗಿದು ಹೊರಗೋಡಿ ಮನೆಗೆ ಫೋನು ಮಾಡಿದೆ.

ಅತ್ತೆ ಎತ್ತಿದರು. "ಆಗ್ಲೆ ಕೊಟ್ಟಾಯ್ತಲ್ಲವ್ವ."

"ಯಾರು ಕೊಟ್ರು? ಎಲ್ಲಿಂದ?"

"ನಾನೇ. ಬೀರು ತೆಗ್ದೆ. ನಿನ್ ಮಗಳು ಹಾಜರಿ ಪುಸ್ತಕ ಓದಿದ್ಲು, ನಾನು ಎಣ್ಸಿ ಕೊಟ್ಟೆ. ಕಮ್ಮಿ ಬಿದ್ದದ್ದಕ್ಕೆ ನನ್ ರಾಗಿ ದುಡ್ಡು ಹಾಕಿವ್ನಿ. ಬಂದ್ಮೇಲೆ ಕೊಡು."

ನಾನು ಬಾಗಿಲ ಬಳಿ ಹಾಗೇ ನಿಂತೆ. ಹೊಸದಾಗಿ ಸೇರಿದ ಹುಡುಗಿಯ ಅರ್ಧ ದಿನದ ರಜೆಯನ್ನೂ ಸರಿಯಾಗಿ ಹಿಡಿದಿದ್ದಾರೋ ಎಂದು ಕೇಳಲು ಬಾಯಿ ತೆರೆದು ಮುಚ್ಚಿದೆ. "ಊಟ ಆಯ್ತಾ?" ಎಂದರು. ಇನ್ನೂ ಇಲ್ಲ ಎಂದೆ. "ಮೊದ್ಲು ಉಣ್ಣು ಹೋಗು." ಒಳಗೆ ಹೋದರೆ ಗಿರಾಕಿಗಳು ಇನ್ನೂ ಅಲ್ಲೇ ಇದ್ದರು, ಒಬ್ಬರು ನೆಲದ ಮೇಲೆ ಕೂತು ಉಂಗುರ ಪೋಣಿಸುತ್ತಿದ್ದರು.

ಭಾನುವಾರ, ಫೆಬ್ರವರಿ 2

ವಾಪಸಿಗೆ ಇನ್ನೂ ಎರಡು ದಿನವಿತ್ತು. ಮರ ಕಡೆಯುವವರ ಊರು ಝೈಫೆನ್ ನೋಡದೆ ಬರಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಜೆಕ್ ಗಡಿಯ ಅಂಚಿನಲ್ಲಿ, ಅದಿರಿನ ಬೆಟ್ಟ ಎಂಬ ಅರ್ಥದ ಎರ್ಟ್ಸ್‌ಗೆಬಿರ್ಗೆ ಸಾಲಿನಲ್ಲಿದೆ. ಪ್ರಾದೇಶಿಕ ರೈಲುಗಳಿಗೆ ಮಾತ್ರ ಸಲ್ಲುವ ಒಂದು ದಿನದ ಟಿಕೆಟ್ ತೆಗೆದುಕೊಂಡರೆ ದುಡ್ಡು ಬಹಳ ಉಳಿಯುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ. ಹೋಫ್, ಕೆಮ್ನಿಟ್ಸ್, ಅಲ್ಲಿಂದ ಹೊಳೆಯ ಪಕ್ಕ ಹರಿದಾಡುವ ಎರಡು ಬೋಗಿಯ ಪುಟ್ಟ ರೈಲು. ಎತ್ತರಕ್ಕೆ ಹೋದಂತೆ ಮಳೆ ನಿಂತು ನೆರಳಿನ ಜಾಗಗಳಲ್ಲಿ ಹಳೆಯ ಹಿಮ ಕಾಣಿಸಿತು. ಅಷ್ಟು ದೂರದಲ್ಲಿ ಯಾರ ಫೋನೂ ಬರಲಿಲ್ಲ. ಭಾನುವಾರ ಕಾರ್ಖಾನೆಗೆ ರಜೆ. ಒಂದು ವಾರದಲ್ಲಿ ಮೊದಲ ಸಲ ಕಿಟಕಿಯ ಹೊರಗನ್ನು ಕಿಟಕಿಯ ಹೊರಗೆಂದೇ ನೋಡಿದೆ.

ಓಲ್‌ಬರ್ನ್‌ಹೌದಲ್ಲಿ ಇಳಿದಾಗ ಝೈಫೆನ್ ಬಸ್ಸು ಹೋಗಿಯಾಗಿತ್ತು. ಭಾನುವಾರ ಬಸ್ಸು ಅಪರೂಪ, ಇದನ್ನು ಮೊದಲೇ ನೋಡಿಕೊಂಡಿರಬೇಕಿತ್ತು. ಚಳಿಗೆ ಕಾಲು ಬಡಿಯುತ್ತಾ ನಿಂತವಳ ಪಕ್ಕ ಒಂದು ಕಾರು ನಿಂತಿತು. ನಡುವಯಸ್ಸಿನ ಹೆಂಗಸು, ಹಿಂದಿನ ಸೀಟಿನಲ್ಲಿ ಸಣ್ಣ ಹುಡುಗ. ಎಲ್ಲಿಗೆಂದು ಕೇಳಿ ಹತ್ತಿಸಿಕೊಂಡರು. ಝೈಫೆನ್‌ನಲ್ಲಿ ಅವರದ್ದೂ ಒಂದು ಪುಟ್ಟ ಅಂಗಡಿ, ಅಂಗಡಿಯ ಹಿಂದೆ ಬಣ್ಣ ಹಚ್ಚುವ ಮೇಜು. ಡ್ರೈವ್ ಮಾಡುತ್ತಲೇ ಸ್ಪೀಕರಿನಲ್ಲಿ ಯಾರಿಗೋ ಬಣ್ಣದ ಡಬ್ಬಿ ಎಲ್ಲಿದೆ ಎಂದು ಹೇಳುತ್ತಿದ್ದರು, ಹಿಂದೆ ತಿರುಗಿ ಹುಡುಗನಿಗೆ ಟೋಪಿ ಹಾಕಿಕೋ ಎನ್ನುತ್ತಿದ್ದರು. ಭಾಷೆ ತಿಳಿಯದಿದ್ದರೂ ಒಂದು ಮಾತೂ ನನಗೆ ಅರ್ಥವಾಗದೆ ಇರಲಿಲ್ಲ.

"ಒಳ್ಳೇ ದಿನ ಬಂದಿದ್ದೀರಿ" ಎಂದು ಅರೆಬರೆ ಇಂಗ್ಲಿಷಿನಲ್ಲಿ ಹೇಳಿದರು. "ನಾಳೆ ಬಂದಿದ್ದರೆ ಕತ್ತಲೆ."

ಊರು ತಲುಪಿದ ಮೇಲೆ ಅರ್ಥವಾಯಿತು. ಬೇರೆ ಕಡೆ ಕ್ರಿಸ್‌ಮಸ್ ದೀಪಗಳನ್ನು ಜನವರಿಯ ಮೊದಲ ವಾರದಲ್ಲೇ ತೆಗೆಯುವುದು ವಾಡಿಕೆ. ಈ ಬೆಟ್ಟದ ಊರುಗಳಲ್ಲಿ ಫೆಬ್ರವರಿ 2ರ ಲಿಖ್ಟ್‌ಮೆಸ್ ಹಬ್ಬದ ತನಕ ಇರುತ್ತವೆ. ಪ್ರತಿ ಕಿಟಕಿಯಲ್ಲೂ ಮರದ ಕಮಾನು, ಕಮಾನಿನ ಮೇಲೆ ಸಾಲು ಮೇಣದಬತ್ತಿಯ ದೀಪ. ಶ್ವಿಬ್‌ಬೋಗನ್ ಎನ್ನುತ್ತಾರೆ. ಚಳಿಗಾಲದಲ್ಲಿ ಕತ್ತಲಿರುವಾಗಲೇ ಗಣಿಗೆ ಇಳಿದು ಕತ್ತಲಾದ ಮೇಲೆ ಹೊರಬರುತ್ತಿದ್ದವರ ಊರು ಇದು, ಬೆಳಕೆಂದರೆ ಅವರಿಗೆ ಪ್ರಾಣ. ಗುಡ್ಡದ ಮೇಲೆ 1779ರ ಎಂಟು ಮೂಲೆಯ ಚರ್ಚು. ಇಳಿಜಾರಿನುದ್ದಕ್ಕೂ ನೂರಾರು ಕಿಟಕಿ, ನೂರಾರು ಕಮಾನು. ನಮ್ಮ ಕಾರ್ತಿಕದ ಕೊನೆಯ ಸೋಮವಾರದ ದೇವಸ್ಥಾನದ ಮೆಟ್ಟಿಲು ನೆನಪಾಗಿ, ಕೈ ಮರಗಟ್ಟುವ ತನಕ ರಸ್ತೆಯಲ್ಲೇ ನಿಂತೆ.

ಝೈಫೆನ್ ಎಂಬ ಹೆಸರೇ ತವರದ ಅದಿರನ್ನು ನೀರಿನಲ್ಲಿ ತೊಳೆದು ತೆಗೆಯುವ ಕೆಲಸದಿಂದ ಬಂದದ್ದು. ತವರ ಕಮ್ಮಿಯಾಗುತ್ತಾ ಹೋದಂತೆ ಗಣಿಯವರು ಮರದ ಕಡೆತಕ್ಕೆ ಇಳಿದರು, ಕ್ರಮೇಣ ಆಟಿಕೆಯೇ ಊರಿನ ಬದುಕಾಯಿತು. ನನಗೆ ನಮ್ಮ ಕೆಜಿಎಫ್ ನೆನಪಾಯಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿಯ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುತ್ತಾರೆ. ಊರಿನೊಳಗೇ ಹಿಡಿಯಲು ಇನ್ನೊಂದು ಕಸುಬು ಸಿಕ್ಕಿದ್ದರೆ ಎಂದು ಎದೆ ಭಾರವಾಯಿತು.

ಸೋಮವಾರ

ನಾಲ್ಕೂವರೆ. ಬಣ್ಣದಕ್ಕ. "ನೀ ಹೇಳ್ದಂಗೇ ಹಳೇ ಅರಿಶಿನ ಹಾಕ್ದೆ ಕಣವ್ವಾ. ಅಂಗೇ ಕೆಂಪ್ಗೆ ಬತ್ತದೆ. ಇನ್ನು ನಾಕೇ ದಿನ ಇರದು."

ಮತ್ತೆ ಫೋಟೋ, ಮತ್ತೆ ದೀಪ, ಮತ್ತೆ ಕಿಟಕಿ. ಹೊರಗೆ ಊರು ಕತ್ತಲು, ಕಮಾನುಗಳೆಲ್ಲ ಆರಿದ್ದವು. ಒಂದು ಅಳತೆ ಹೇಳಲು ಹೊರಟವಳು ನಿಲ್ಲಿಸಿದೆ. ಇಲ್ಲಿಂದ ನನಗೆ ಕಾಣುತ್ತಿಲ್ಲ. ಅವರು ಇಪ್ಪತ್ತು ವರ್ಷದಿಂದ ಅರಗು ನಾದಿದವರು, ಬಿಸಿಲು ಅವರ ಅಂಗಳದಲ್ಲಿದೆ.

"ಅತ್ತೆ ಹತ್ರ ಕೀ ಇಸ್ಕೊಳ್ಳಿ. ಬೀರುನಲ್ಲಿ ನೀಲಿ ರಟ್ಟಿನ ಪುಸ್ತಕ ಇದೆ, ತಗೊಳ್ಳಿ. ಆಮೇಲೆ ನಿಮಗೆ ಹೆಂಗೆ ಸರಿ ಕಾಣುತ್ತೋ ಹಂಗೆ ಮಾಡಿ. ನನ್ನ ಕೇಳಬೇಡಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆಯ್ತು ಬುಡು" ಎಂದರು.

ಹತ್ತು ಗಂಟೆಗೆ ಒಂದು ಪ್ರದರ್ಶನ ಕಾರ್ಯಾಗಾರಕ್ಕೆ ಹೋದೆ. ಸುಮಾರು 1800ರ ಹೊತ್ತಿಗೆ ಈ ಸೀಮೆಯಲ್ಲಿ ಬೆಳೆದ ಕೆಲಸ ಅದು, ಬಳೆ ಕಡೆತ ಎನ್ನಬಹುದು. ವಯಸ್ಸಾದ ಕಡೆತದವರು ಸ್ಪ್ರೂಸ್ ಮರದ ಅಗಲವಾದ ಒದ್ದೆ ಬಿಲ್ಲೆಯನ್ನು ಲೇತಿಗೆ ಏರಿಸಿದರು. ನಾವು ಮರ ಒಣಗಲು ತಿಂಗಳುಗಟ್ಟಲೆ ಕಾಯುತ್ತೇವೆ, ಇವರು ಬೇಕೆಂದೇ ನೆನೆಸಿ ಕಡೆಯುತ್ತಾರೆ, ಒಣಗಿಸುವುದು ಆಮೇಲೆ. ಉಳಿ ತಾಗಿದ ಕಡೆ ನೀರಿನ ಹನಿಯೂ ಮರದ ಸಿಪ್ಪೆಯೂ ಒಟ್ಟಿಗೆ ಹಾರಿ ನನ್ನ ಕನ್ನಡಕಕ್ಕೆ ಬಿತ್ತು. ಬಿಲ್ಲೆಯ ಮುಖದಲ್ಲಿ ಗಾಡಿಯ ಚಕ್ರದ ಹಾಗೆ ಏರುತಗ್ಗಿನ ಗೆರೆಗಳು ಮೂಡಿದವು, ತಿರುಗಿಸಿ ಹಿಂಬದಿಯನ್ನೂ ಕಡೆದರು. ಏನು ಮಾಡುತ್ತಿದ್ದಾರೆಂದು ತಿಳಿಯಲೇ ಇಲ್ಲ. ಕೊನೆಗೆ ಬಳೆಯನ್ನು ಬಿಚ್ಚಿ, ಚಾಕುವಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಹಲಸಿನ ತೊಳೆಯಂತೆ ಒಂದು ಹೋಳು ಬಿತ್ತು. ಹೋಳಿನ ಅಡ್ಡಬದಿಯಲ್ಲಿ ಕುದುರೆ! ಕಿವಿ, ಕೊರಳು, ಹೊಟ್ಟೆ, ಕಾಲು. ಇಡೀ ಬಳೆಯ ತುಂಬ ಕುದುರೆಗಳೇ, ಸೀಳುವ ತನಕ ಒಂದೂ ಕಾಣುವುದಿಲ್ಲ.

ನನ್ನ ಬುಗುರಿಯನ್ನು ಕೊಟ್ಟೆ. ಅರಗಿನ ಮೇಲೆ ಹೆಬ್ಬೆರಳು ಸವರಿದರು, ಮೊನೆಯನ್ನು ಬೆಳಕಿಗೆ ಹಿಡಿದರು, ಮೇಜಿನ ಮೇಲೆ ಬಿಟ್ಟರು. ಅದು ನಿದ್ದೆ ಹೋದಂತೆ ಒಂದೇ ಕಡೆ ನಿಂತು ತಿರುಗಿತು. ಕಣ್ಣಿಗೆ ಕಾಣದುದನ್ನು ಹೇಗೆ ಕಡೆಯುತ್ತೀರಿ ಎಂದು ಫೋನಿನ ಅನುವಾದದಲ್ಲಿ ಕೇಳಿದೆ. ಅವರು ಫೋನನ್ನು ನೋಡಲೇ ಇಲ್ಲ, ನನ್ನ ಕೈ ಹಿಡಿದು ಬೆರಳ ತುದಿಯನ್ನು ಬಳೆಯ ಗೆರೆಯ ಮೇಲಿಟ್ಟು ಎಳೆದರು. ಬೆನ್ನು ಸಿಕ್ಕಿತು, ಆಮೇಲೆ ಕೊರಳು. ಹೊರಡುವಾಗ ಆ ಬಳೆಯ ಒಂದು ತುಂಡನ್ನು ಸೀಳದೆ ಹಾಗೇ ಒಂದು ಚೀಲದಲ್ಲಿ ಹಾಕಿ ಕೊಟ್ಟರು.

ಮಧ್ಯಾಹ್ನ ಮ್ಯೂಸಿಯಮ್ಮಿನಲ್ಲಿದ್ದಾಗ ಬಣ್ಣದಕ್ಕನ ಧ್ವನಿ ಸಂದೇಶ ಬಂತು. "ಸಿಕ್ತು ಕಣವ್ವಾ. ಅರಿಶಿನದ್ದಲ್ಲ ತಪ್ಪು. ಅರಿಶಿನ ಅರೆಯೋ ಕಲ್ಲ ಹೊಸ ಹುಡುಗಿ ದಿನಾ ಸೋಪ್ ಪುಡಿ ಹಾಕಿ ತೊಳೀತಾ ಅವ್ಳೆ. ಅರಿಶಿನಕ್ಕೆ ಸುಣ್ಣ ತಾಕಿದ್ರೆ ಕುಂಕುಮ ಆಗಲ್ವಾ, ಅಂಗೇ ಆಗದೆ. ಬರೀ ನೀರಾಗೆ ತೊಳೆದು ಮಾಡ್ದೆ. ಮಾವಿನಣ್ಣಿನಂಗೆ ಬಂತು."

ಅದನ್ನು ಏಳೆಂಟು ಸಲ ಕೇಳಿದೆ. ಅಲ್ಲೇ ನಿಂತಿದ್ದ ಗೈಡ್ ಹುಡುಗಿ ಏನಾಯಿತೆಂದು ನೋಡಿದಳು. ಕೈಯಲ್ಲಿದ್ದ ಹಳದಿ ಗಿಲಕಿಯನ್ನು ಅವಳಿಗೇ ಕೊಟ್ಟುಬಿಟ್ಟೆ.

ಬುಧವಾರ, ಫೆಬ್ರವರಿ 5

ರಾತ್ರಿಯಿಡೀ ಪ್ರಯಾಣ. ವಿಮಾನ ನಿಲ್ದಾಣದಿಂದ ನೇರ ಕಾರ್ಖಾನೆಗೆ ಹೋದೆ. ಮದ್ದೂರು ವಡೆಯ ಪೊಟ್ಟಣ ಬಿಚ್ಚಿಟ್ಟುಕೊಂಡು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಹೊಸ್ತಿಲ ಮೇಲೆ ಹಳದಿ ಅರಗಿನ ಕಡ್ಡಿಗಳು ಬಿಸಿಲಿಗೆ ಸಾಲಾಗಿದ್ದವು. ಪಕ್ಕದಲ್ಲಿ, ಕೆಟ್ಟಿತ್ತೆಂದು ನಾನು ತಿಳಿದಿದ್ದ ಕಾವಿ ಬಣ್ಣದ ನಾಲ್ಕು ಕಡ್ಡಿ. ಬಿಸಿಲಿನಲ್ಲಿ ಅವು ಪಾರಿಜಾತದ ತೊಟ್ಟಿನ ಬಣ್ಣ. ನೀಲಿ ರಟ್ಟಿನ ಪುಸ್ತಕ ಲೇತಿನ ಪಕ್ಕದ ಗೂಡಿನಲ್ಲಿತ್ತು, ಅದರ ಕೊನೆಯ ಪುಟದಲ್ಲಿ ಮಗಳ ಅಕ್ಷರ: ಬಣ್ಣದಕ್ಕ ಹೇಳಿ ಬರೆಸಿದ್ದರು, ಕಾವಿ ಬೇಕಾದರೆ ಎಷ್ಟು ಅರಿಶಿನಕ್ಕೆ ಎಷ್ಟು ಸುಣ್ಣದ ತಿಳಿ ಎಂದು. ಪುಸ್ತಕವನ್ನು ಅಲ್ಲೇ ಬಿಟ್ಟೆ.

ಚೀಟಿಯನ್ನೂ ಮರದ ಬಳೆಯ ತುಂಡನ್ನೂ ಚಾಚಾ ಕೈಗೆ ಕೊಟ್ಟೆ. ಚೀಟಿ ಜೇಬಿಗೆ ಹೋಯಿತು. ಬಳೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನಮ್ಮಾ, ಕಾರ್ನಿಸ್ ಕಡ್ಡಿನಾ?" ಸೀಳಿ ನೋಡಿ ಎಂದೆ. ಎಲ್ಲರೂ ಸುತ್ತ ನೆರೆದರು. ಉಳಿಯಿಟ್ಟು ಎಳೆ ಹಿಡಿದು ಒಮ್ಮೆ ತಟ್ಟಿದರು. ಹೋಳು ಅವರ ಅಂಗೈಗೆ ಬಿತ್ತು. ಬೆರಳಿಂದ ಹೊಟ್ಟು ಒರೆಸಿದರು, ಹುಬ್ಬೇರಿಸಿದರು, ಹೊಸ ಹುಡುಗಿಯ ಕೈಗಿಟ್ಟರು. ಉಳಿದ ತುಂಡನ್ನು ಮತ್ತೆ ಬಿಸಿಲಿಗೆ ಹಿಡಿದು ಉಗುರಿನಿಂದ ಅಳತೆ ಹಾಕಿದರು.

"ಇದ್ರಲ್ಲಿ ಇನ್ನೂ ಏಳು ಕುದ್ರೆ ಇದಾವೆ" ಎಂದು ಉಳಿಯನ್ನು ಬಣ್ಣದಕ್ಕನ ಕಡೆ ಚಾಚಿದರು.